ಅಬ್ಬಾ ಟೈಪ್ ಮಾಡಿದ ಪುಟಗಳು

ನಮ್ಮ ಅಬ್ಬಾ ಅಬ್ದುಲ್ ರಶೀದ್ ಚಿತ್ರದುರ್ಗದ ತಾಲ್ಲೂಕು ಕಚೇರಿಯ ಎದುರಿನ ಜಗಲಿಯಲ್ಲಿ ನಲವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದರು. ಅವರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಮೊದಲು ಬರುವುದು ನನ್ನ ಮೇಲಿನ ಸಿಟ್ಟು. ಹಾಗಾಗಿ ಇದನ್ನು ಒಬ್ಬ ಒಳ್ಳೆಯ ಮಗಳು ಮಾಡಿದ ತಂದೆಯ ಗುಣಗಾನ ಎಂದು ಯಾರೂ ತಿಳಿಯಬೇಡಿ. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾ ಅನ್ನ ತಿಂದಿದ್ದು, ನಮಗೆ ತಿನ್ನಿಸಿದ್ದು ಕನ್ನಡದ ಅಕ್ಷರಗಳಿಂದ. ಕೆಲಸದ ಮಾತು ಬಂದರೆ ಮನೆಯಲ್ಲೂ ಅವರು ಕನ್ನಡಕ್ಕೆ ಹೊರಳುತ್ತಿದ್ದರು. ಅದಕ್ಕೇ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಅವರು ಟೈಪಿಂಗ್ ಕಲಿಯಲು ಸೇರಿದ ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ತಿಂಗಳು ಅಕ್ಷರ ಕಲಿಸುತ್ತಿದ್ದರಂತೆ, ಉಳಿದ ಹನ್ನೊಂದು ತಿಂಗಳು ಜಾಗ ಬಿಡುವುದನ್ನು. ತಲೆಬರಹ ಮಧ್ಯಕ್ಕೆ ಬರಬೇಕಾದರೆ ಅದರ ಅಕ್ಷರಗಳನ್ನು ಎಣಿಸಬೇಕು, ಸಾಲಿನ ಉದ್ದದಿಂದ ಕಳೆಯಬೇಕು, ಉಳಿದದ್ದನ್ನು ಅರ್ಧ ಮಾಡಿ ಅಷ್ಟು ಸಲ ಬಲಗೈ ಹೆಬ್ಬೆರಳಲ್ಲಿ ಸ್ಪೇಸ್ ಒತ್ತಬೇಕು. ತಲೆಬರಹಕ್ಕೆ ಗಾಂಭೀರ್ಯ ಬರಬೇಕಾದರೆ ಅಕ್ಷರ ಅಕ್ಷರದ ನಡುವೆ ಎರಡೆರಡು ಜಾಗ. ಬಲಗಡೆಯ ಅಂಚು ಸೊಟ್ಟಗಾಗಬಾರದು, ಅದಕ್ಕೆ ಪದಗಳ ನಡುವೆ ಅಲ್ಲಿಷ್ಟು ಇಲ್ಲಿಷ್ಟು ಜಾಗ ಸೇರಿಸಬೇಕು, ಆದರೂ ಕೂಡದಿದ್ದರೆ ಪದವನ್ನೇ ಒಡೆದು ಸಣ್ಣ ಗೆರೆ ಹಾಕಿ ಮುಂದಿನ ಸಾಲಿಗೆ ದಾಟಿಸಬೇಕು. ಅಬ್ಬಾ ಇವೆಲ್ಲವನ್ನೂ ಎಣಿಸದೆಯೇ ಮಾಡುತ್ತಿದ್ದರು. ಎಣಿಕೆ ಹೆಬ್ಬೆರಳಿಗೇ ಇಳಿದುಬಿಟ್ಟಿತ್ತು.

ಜಗಲಿಯಲ್ಲಿ ಇನ್ನೂ ನಾಲ್ಕು ಜನ ಟೈಪಿಸ್ಟರಿದ್ದರೂ ಭೀಮಸಮುದ್ರದ ತೋಟದವರು ಪಾಲುಪತ್ರಕ್ಕೆ, ಐಮಂಗಲದವರು ರಸ್ತೆ ಅರ್ಜಿಗೆ ಹುಡುಕಿಕೊಂಡು ಬರುತ್ತಿದ್ದುದು ರಶೀದ್ ಸಾಬರ ಮೇಜಿಗೆ. ‘ಸಾಬರ ಕೈಲಿ ಎಂಥಾ ಕನ್ನಡ ನೋಡ್ರಿ’ ಎಂದು ಕೆಲವರು ಮೆಚ್ಚುಗೆಯಿಂದಲೇ ಹೇಳುತ್ತಿದ್ದರು. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಅಬ್ಬಾ ನಗುತ್ತಿದ್ದರು. ಕಚೇರಿಯ ಸಾಹೇಬರ ಹೆಸರಿನ ಮೇಲೆ ಸಹಿಗೆಂದು ಅವರು ನಾಲ್ಕು ಸಾಲು ಬಿಡುತ್ತಿದ್ದರು, ಅರ್ಜಿದಾರನ ಹೆಸರಿನ ಮೇಲೂ ಅಷ್ಟೇ ಬಿಡುತ್ತಿದ್ದರು. ‘ಕೂಲಿ ಮಾಡೋನ ಸಹಿಗೂ ಜಾಗ ಬೇಕಲ್ಲಪ್ಪ, ಅವನ್ದು ಹೆಬ್ಬೆಟ್ಟಾದ್ರೆ ಇನ್ನೂ ಜಾಸ್ತಿ ಬೇಕು’ ಎನ್ನುತ್ತಿದ್ದರು. ಟೈಪಿಂಗ್ ಕಲಿಯಲು ಬಂದವರಿಗೂ ಅದನ್ನೇ ಕಲಿಸಿದರು. ಅವರಲ್ಲಿ ಒಬ್ಬರು ಜುಂಜೇಶಣ್ಣ. ಅಬ್ಬಾನ ಸ್ಕೇಲಿನಿಂದ ಗೆಣ್ಣಿಗೆ ಪೆಟ್ಟು ತಿಂದೇ ಕಲಿತು, ಆಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಡಿಟಿಪಿ ಅಂಗಡಿ ಇಟ್ಟುಕೊಂಡರು.

ಕಂಪ್ಯೂಟರ್ ಬಂದಾಗ ಬೇರೆ ಟೈಪಿಸ್ಟರು ಮೂಲೆ ಸೇರಿದರು. ಅಬ್ಬಾ ಸೇರಲಿಲ್ಲ. ಹಳೆಯದೊಂದನ್ನು ಕೊಂಡು ಒಂದೇ ವಾರದಲ್ಲಿ ಕೈ ಪಳಗಿಸಿಕೊಂಡರು. ಟೈಪ್‌ರೈಟರ್ ಅಟ್ಟಕ್ಕೆ ಹೋಯಿತು, ಅದರ ಕಾಯಿದೆಗಳು ಮಾತ್ರ ಅಬ್ಬಾನ ಜೊತೆ ಕಂಪ್ಯೂಟರಿಗೆ ಬಂದವು. ಹೊಸ ಪುಟ ಬೇಕೆಂದರೆ ಪುಟ ತುಂಬುವವರೆಗೂ ಎಂಟರ್ ಒತ್ತುವುದು, ಪಟ್ಟಿ ಮಾಡಬೇಕೆಂದರೆ ಸ್ಪೇಸ್ ಒತ್ತಿ ಒತ್ತಿ ಎರಡು ಕಂಬ ನಿಲ್ಲಿಸುವುದು. ಒಂದು ಗುಂಡಿ ಒತ್ತಿದರೆ ಎರಡೂ ಅಂಚು ತಾನೇ ನೇರವಾಗುತ್ತದೆ ಎಂದು ಜುಂಜೇಶಣ್ಣ ತೋರಿಸಿಕೊಟ್ಟರೆ, ‘ಅದು ಎಲ್ಲಂದ್ರಲ್ಲಿ ಜಾಗ ಬಿಡ್ತೈತೆ ಕಣೋ, ಅದಕ್ಕೆ ಬುದ್ಧಿ ಎಲ್ಲೈತೆ’ ಎಂದು ಅವರ ಬಾಯಿ ಮುಚ್ಚಿಸಿದರು. ಕಾಗದದ ಮೇಲೆ ಬಂದ ಪುಟ ಅಷ್ಟು ಚೆಂದ ಇರುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆಗ ನನಗೆ ಕಣ್ಣಿತ್ತು.

ನನ್ನ ಕಣ್ಣು ಒಂದೇ ದಿನ ಹೋಗಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಕತ್ತಲೆಯಲ್ಲಿ ಎಡವುತ್ತಿದ್ದೆ. ಪಿಯುಸಿಯಲ್ಲಿ ಪಕ್ಕದಿಂದ ಬರುವವರು ಕಾಣದಾದರು. ಬಿ.ಎ. ಕೊನೆಯ ವರ್ಷದ ಹೊತ್ತಿಗೆ ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಬಂತು, ಇಪ್ಪತ್ಮೂರಕ್ಕೆ ಅದೂ ಮುಗಿಯಿತು. ಡಾಕ್ಟರು ರೆಟಿನಾದ ತೊಂದರೆ, ಔಷಧಿ ಇಲ್ಲ ಅಂದರು. ನಾನು ಅತ್ತೆ, ಕಿರುಚಿದೆ, ತಟ್ಟೆ ಎಸೆದೆ. ಸಿಟ್ಟು ನನಗೆ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ. ಅಬ್ಬಾ ಅಳಲಿಲ್ಲ, ಮಾತೂ ಆಡಲಿಲ್ಲ. ಒಂದು ತಿಂಗಳು ಜಗಲಿಗೂ ಹೋಗದೆ ಗೋಡೆಗೆ ಒರಗಿ ಕುಳಿತಿದ್ದರು, ಆಮೇಲೆ ಹೋಗಿ ಬಂದರೂ ಮನೆಯಲ್ಲಿ ಆ ಗೋಡೆ ಬಿಡಲಿಲ್ಲ. ಅಮ್ಮಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವುದೊಂದೇ ಅವರ ಬಾಯಲ್ಲಿ ಬರುತ್ತಿದ್ದ ಮಾತು.

ಆಮೇಲೆ ನಾನೇ ಎದ್ದೆ. ಕಂಪ್ಯೂಟರಿನಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಲು ಆರು ತಿಂಗಳ ತರಬೇತಿಗೆ ಹೋದೆ. ಅಲ್ಲೇ ಸಹನಾ ಪರಿಚಯವಾದದ್ದು. ಅವಳು ಹೊಳಲ್ಕೆರೆಯವಳು, ಕಣ್ಣಿರುವವಳು, ಕಣ್ಣಿಲ್ಲದ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ. ಸರ್ಕಾರದ ಎಸ್‌ಡಿಎ ಪರೀಕ್ಷೆ ಕಟ್ಟು, ನಮ್ಮಂಥವರಿಗೆ ಮೀಸಲಾತಿ ಇದೆ ಎಂದವಳೂ ಅವಳೇ. ಪುಸ್ತಕ ಹೇಗೆ ಓದಲಿ ಎಂದು ಒಂದು ದಿನ ಮನೆಯಲ್ಲಿ ಗೊಣಗುತ್ತಿದ್ದೆ. ಗೋಡೆಯ ಕಡೆಯಿಂದ ಅಬ್ಬಾ ಕೇಳಿದರು, ‘ನಾನು ಟೈಪ್ ಮಾಡಿ ಕೊಟ್ರೆ ಆ ಮೆಷೀನು ನಿಂಗೆ ಓದಿ ಹೇಳ್ತೈತಾ?’

‘ಹೇಳುತ್ತೆ ಅಬ್ಬಾ.’

‘ಹಂಗಾದ್ರೆ ಪುಸ್ತಕ ತರ್ಸು.’

ಅವತ್ತು ಅಬ್ಬಾ ಎರಡು ಸಲ ಅನ್ನ ಹಾಕಿಸಿಕೊಂಡರು. ಮರುದಿನದಿಂದ ಜಗಲಿಯ ಕೆಲಸ ಅರ್ಧ ದಿನಕ್ಕೆ ಇಳಿಯಿತು. ಇತಿಹಾಸ, ಸಂವಿಧಾನ, ಕರ್ನಾಟಕದ ಭೂಗೋಳ ಎಲ್ಲವನ್ನೂ ಅಕ್ಷರ ಬಿಡದೆ ಟೈಪ್ ಮಾಡತೊಡಗಿದರು. ಎಂಟು ತಿಂಗಳಲ್ಲಿ ಮುನ್ನೂರ ನಲವತ್ತು ಪುಟ. ಒಂದೊಂದು ಅಧ್ಯಾಯ ಮುಗಿದಾಗಲೂ ಅಮ್ಮಿಯನ್ನು ಕರೆದು, ‘ನಾಜಿಮಾ, ಬಾ ಇಲ್ಲಿ, ಹೆಂಗೈತೆ ನೋಡು’ ಎಂದು ತೋರಿಸುತ್ತಿದ್ದರು. ಅಮ್ಮಿಗೆ ಕನ್ನಡ ಓದಲು ಬಾರದು. ‘ಹೂವಿನ ಹಂಗೈತೆ’ ಎನ್ನುತ್ತಿದ್ದಳು.

ಮೊದಲ ಅಧ್ಯಾಯ ಕೇಳಲು ಕುಳಿತ ದಿನ ಅಬ್ಬಾ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ನಾನು ಇಯರ್‌ಫೋನ್ ಹಾಕಿಕೊಂಡಿದ್ದೆ, ಅದು ನನ್ನ ಪುಣ್ಯ. ಓದುವವರು ಸಾಲು ಸಾಲಾಗಿ ಕೆಳಗಿಳಿಯುತ್ತಾ, ನಿಲ್ಲಿಸಿ, ಮತ್ತೆ ಕೇಳಿ ಬಾಯಿಪಾಠ ಮಾಡಬೇಕಲ್ಲ, ಹಾಗೆ ಕೆಳಬಾಣದ ಗುಂಡಿ ಒತ್ತಿದೆ. ಅಕ್ಷರವಿಲ್ಲದ ಸಾಲು ಬಂದರೆ ಯಂತ್ರ ‘ಖಾಲಿ’ ಎನ್ನುತ್ತದೆ. ‘ಖಾಲಿ’ ಎಂದಿತು. ಇನ್ನೊಮ್ಮೆ ಒತ್ತಿದೆ. ‘ಖಾಲಿ.’ ಆರು ಸಲ ಖಾಲಿ ಎಂದ ಮೇಲೆ ತಲೆಬರಹ ಬಂತು. ‘ಸಂ, ವಿ, ಧಾ, ನ, ದ’ ಎಂದು ಒಂದೊಂದೇ ಅಕ್ಷರ ಉಗುಳಿತು. ಪದಗಳ ನಡುವೆ ಜಾಗ ಹೆಚ್ಚಾದರೆ ಯಂತ್ರ ಅದನ್ನು ನುಂಗಿಕೊಳ್ಳುತ್ತದೆ, ಅಕ್ಷರಗಳ ನಡುವೆ ಬಿಟ್ಟರೆ ಪದವೇ ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿ ಒಡೆದ ಪದಗಳ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಎರಡು ಕಂಬದ ಪಟ್ಟಿಯಂತೂ ದೇವರಿಗೇ ಪ್ರೀತಿ. ಎಡಗಡೆ ರಾಜ್ಯಪಾಲರ ಅಧಿಕಾರ, ಬಲಗಡೆ ಮುಖ್ಯಮಂತ್ರಿಯ ಅಧಿಕಾರ. ಯಂತ್ರಕ್ಕೆ ಕಂಬ ಗೊತ್ತಿಲ್ಲ, ಅಡ್ಡಡ್ಡ ಓದಿಕೊಂಡು ಹೋಗಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತು. ಅಧ್ಯಾಯ ಮುಗಿದು ಪುಟದ ಉಳಿದ ಭಾಗಕ್ಕೆ ಅಬ್ಬಾ ಇಪ್ಪತ್ತೆರಡು ಎಂಟರ್ ಒತ್ತಿದ್ದರು. ನಾನು ಇಪ್ಪತ್ತೆರಡು ಸಲ ಖಾಲಿ ಕೇಳಿದೆ.

‘ಹೆಂಗೈತೆ ಬೇಟಾ?’ ಎಂದರು ಅಬ್ಬಾ.

‘ಚೆನ್ನಾಗಿದೆ ಅಬ್ಬಾ, ಪಟಪಟ ಓದುತ್ತೆ’ ಎಂದೆ.

ನನ್ನ ಜನ್ಮದಲ್ಲಿ ಸಿಟ್ಟು ನುಂಗಿಕೊಂಡು ಆಡಿದ ಒಂದೇ ಒಂದು ಮಾತು ಅದು. ಆಗ ನನಗಿದ್ದ ಹೆದರಿಕೆಯೂ ಒಂದೇ. ಅಬ್ಬಾಗೆ ಇದು ಗೊತ್ತಾಗಬಾರದು. ಮಗಳ ಕಣ್ಣು ಹೋದ ಮೇಲೆ ಗೋಡೆಗೆ ಒರಗಿದ ಮನುಷ್ಯ ಈ ಪುಟಗಳ ದೆಸೆಯಿಂದ ಎದ್ದು ಕುಳಿತಿದ್ದರು. ಈ ಪುಟಗಳು ನನ್ನ ಕಿವಿಗೆ ಹತ್ತುವುದಿಲ್ಲ ಎಂದು ತಿಳಿದರೆ ಮತ್ತೆ ಏಳುತ್ತಾರೆಂಬ ಧೈರ್ಯ ನನಗಿರಲಿಲ್ಲ. ಪರೀಕ್ಷೆ ಇನ್ನೊಮ್ಮೆ ಕಟ್ಟಬಹುದು, ಅಬ್ಬಾನನ್ನು ಇನ್ನೊಮ್ಮೆ ಎಬ್ಬಿಸುವುದು ಹೇಗೆ? ಹಾಗಾಗಿ ಅವರು ಟೈಪ್ ಮಾಡುತ್ತಲೇ ಹೋದರು, ನಾನು ಖಾಲಿಗಳ ನಡುವೆ ಸಿಕ್ಕಷ್ಟು ಹೆಕ್ಕಿಕೊಂಡು ಓದುತ್ತಲೇ ಹೋದೆ. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದೆ. ಅಬ್ಬಾ, ‘ಇನ್ನೂ ಎರಡು ಪುಸ್ತಕ ಟೈಪ್ ಮಾಡ್ತೀನಿ ತಗೋ’ ಎಂದು ಸಮಾಧಾನ ಹೇಳಿದರು.

ಎರಡನೇ ಸಲ ಕಟ್ಟುವ ಹೊತ್ತಿಗೆ ಸಹನಾಗೆ ಹೇಳಿಬಿಟ್ಟೆ. ಅವಳು ಒಂದು ಭಾನುವಾರ ಮನೆಗೆ ಬಂದಳು. ಅಬ್ಬಾ ಪೇಟೆಗೆ ಹೋಗಿದ್ದರು. ಫೈಲು ತೆರೆದು ನೋಡಿದಳು.

‘ಇದನ್ನ ನೋಡೋಕೆ ಎಷ್ಟು ಚೆನ್ನಾಗೈತೆ ಗೊತ್ತೇನೇ’ ಎಂದಳು.

‘ಗೊತ್ತು. ಅದೇ ತೊಂದರೆ.’

‘ಜಾಗ ಬೇಕು ಅಂದ್ರೆ ಎಂಟರ್ ಹೊಡೀಬಾರ್ದು ಅಂಬ್ರೀನ್. ಮುಂದೆ ಇಷ್ಟು ಬಿಡು, ಹಿಂದೆ ಇಷ್ಟು ಬಿಡು ಅಂತ ಪ್ಯಾರಾಕ್ಕೇ ಹೇಳಿಡ್ಬೇಕು. ಆಗ ಕಣ್ಣಿಗೆ ಜಾಗ ಕಾಣ್ತೈತೆ, ಕಿವಿಗೆ ಏನೂ ಅಡ್ಡ ಬರಲ್ಲ. ನಿಮ್ಮ ಅಬ್ಬಾಗೆ ಹೇಳು, ಒಂದು ದಿನದಲ್ಲಿ ಕಲೀತಾರೆ.’

‘ಹೇಳಲ್ಲ’ ಎಂದೆ. ಅವಳು ಮತ್ತೆ ಕೇಳಲಿಲ್ಲ. ಫೈಲನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗಿ ಮೂರು ವಾರದಲ್ಲಿ ಎಲ್ಲವನ್ನೂ ಸರಿಮಾಡಿ ತಂದು ನಮ್ಮ ಕಂಪ್ಯೂಟರಿನಲ್ಲಿ ಹಳೆಯದರ ಜಾಗಕ್ಕೆ ಹೊಸದನ್ನು ಹಾಕಿದಳು. ಖಾಲಿ ಸಾಲುಗಳೆಲ್ಲ ಹೋದವು. ತಲೆಬರಹಗಳು ಒಡೆಯದೆ ಒಂದಾದವು, ಒಂದು ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದಿತ್ತು. ಕಂಬಗಳು ನಿಜವಾದ ಪಟ್ಟಿಗಳಾದವು. ಎರಡು ವರ್ಷದಲ್ಲಿ ಮೊದಲ ಸಲ ಅಬ್ಬಾ ಟೈಪ್ ಮಾಡಿದ ಮಾತುಗಳನ್ನು ನೆಟ್ಟಗೆ ಕೇಳಿದೆ. ಒಂದು ತಪ್ಪಕ್ಷರ ಇರಲಿಲ್ಲ. ಕೇಳುತ್ತಾ ಅತ್ತುಬಿಟ್ಟೆ. ಈಗ ಅಬ್ಬಾ ಹೇಗಿದೆ ಎಂದು ಕೇಳಿದರೆ ಸುಳ್ಳು ಹೇಳಬೇಕಾಗಿರಲಿಲ್ಲ.

ಪರೀಕ್ಷೆಗೆ ಎರಡು ವಾರ ಇರುವಾಗ ಹೊಳಲ್ಕೆರೆಗೆ ಸಹನಾಳ ಮನೆಗೆ ಹೋದೆ. ನಾನು ಉತ್ತರ ಹೇಳಿದಂತೆ ಬರೆದುಕೊಳ್ಳಲು ಒಬ್ಬ ಹುಡುಗಿ ಗೊತ್ತಾಗಿದ್ದಳು, ಅವಳ ಜೊತೆ ಒಂಬತ್ತು ದಿನ ಅಭ್ಯಾಸ. ಸಂವಿಧಾನ, ಇತಿಹಾಸ ಮನೆಗೆ ಬಂದ ಮೇಲೆ ಕೊನೆಯ ಸಲ ಕೇಳುವುದು ಎಂದು ಲೆಕ್ಕ ಹಾಕಿಕೊಂಡಿದ್ದೆ.

ನಾನಿಲ್ಲದಾಗ ಅಬ್ಬಾ ಫೈಲು ತೆರೆದಿದ್ದಾರೆ. ಅವರಿಗೆ ಕಂಡಿದ್ದನ್ನು ನಾನು ಈಗ ಊಹಿಸಬಲ್ಲೆ. ತಲೆಬರಹಗಳೆಲ್ಲ ಮಧ್ಯದಿಂದ ಎಡಕ್ಕೆ ಜಾರಿವೆ. ಬಲಗಡೆಯ ಅಂಚು ಇಲಿ ಕಡಿದಂತೆ ಏರುಪೇರಾಗಿದೆ. ಅವರು ನಿಲ್ಲಿಸಿದ್ದ ಕಂಬಗಳಿಲ್ಲ. ವೈರಸ್ಸೋ ಏನೋ ಬಂದು ಎಲ್ಲವನ್ನೂ ತಿಂದುಹಾಕಿದೆ ಎಂದುಕೊಂಡರು. ಮಗಳ ಪರೀಕ್ಷೆ ಹತ್ತಿರ ಬಂದಿದೆ, ಹೇಳಿದರೆ ಗಾಬರಿಯಾಗುತ್ತಾಳೆ ಎಂದು ಯಾರಿಗೂ ಹೇಳಲಿಲ್ಲ. ಜಗಲಿಗೆ ರಜೆ ಹಾಕಿ ಒಂಬತ್ತು ದಿನ ಬೆಳಗಿನಿಂದ ಸಂಜೆವರೆಗೆ ಕುಳಿತು ಮುನ್ನೂರ ನಲವತ್ತು ಪುಟಕ್ಕೂ ತಮ್ಮ ಜಾಗಗಳನ್ನು ವಾಪಸ್ ಹಾಕಿದರು. ಒಂದೊಂದು ಸ್ಪೇಸು, ಒಂದೊಂದು ಎಂಟರು, ಒಂದೊಂದು ಒಡೆದ ಪದ. ಅರವತ್ತಾರು ವರ್ಷದ ಬೆನ್ನು ಅದು. ಅಮ್ಮಿ ಎಣ್ಣೆ ತಿಕ್ಕಿ ತಿಕ್ಕಿ ಕೂರಿಸುತ್ತಿದ್ದಳಂತೆ.

ನಾನು ವಾಪಸ್ ಬಂದ ದಿನ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕುಳಿತೆ. ಪರೀಕ್ಷೆಗೆ ಐದು ದಿನ ಉಳಿದಿತ್ತು. ಇಯರ್‌ಫೋನ್ ಇನ್ನೂ ಚೀಲದಲ್ಲಿತ್ತು, ಸ್ಪೀಕರಿನಲ್ಲೇ ಹಾಕಿದೆ. ‘ಖಾಲಿ’ ಎಂದಿತು. ಬೇರೆ ಫೈಲು ತೆರೆದೆನೇನೋ ಎಂದು ಮುಚ್ಚಿ ಮತ್ತೆ ತೆರೆದೆ. ‘ಖಾಲಿ. ಖಾಲಿ. ಖಾಲಿ.’ ಮುಂದಿನ ಅಧ್ಯಾಯ, ಅದರ ಮುಂದಿನದು, ಎಲ್ಲ ಹಾಗೇ. ಹಿಂದೆ ಅಬ್ಬಾ ನಿಂತಿದ್ದರು.

‘ಯಾವ್ದೋ ವೈರಸ್ಸು ಬಂದು ಎಲ್ಲಾ ಕೆಡಿಸಿತ್ತು ಬೇಟಾ. ನೀನು ಬರೋದ್ರೊಳಗೆ ಸರಿ ಮಾಡಿಟ್ಟೀನಿ’ ಎಂದರು. ದನಿಯಲ್ಲಿ ದಣಿವಿತ್ತು, ಹಿಗ್ಗೂ ಇತ್ತು.

ಆಮೇಲೆ ನಾನಾಡಿದ ಮಾತುಗಳನ್ನು ಇಲ್ಲಿ ಬರೆಯುವುದು ನನಗೆ ನಾನೇ ಕೊಟ್ಟುಕೊಳ್ಳುವ ಶಿಕ್ಷೆ. ‘ಕೆಡಿಸಿದ್ದು ವೈರಸ್ಸಲ್ಲ, ನೀವು’ ಎಂದೆ. ‘ಸಹನಾ ಮೂರು ವಾರ ಕೂತು ನಿಮ್ಮ ಗಲೀಜನ್ನೆಲ್ಲ ಬಳಿದಿದ್ದಳು. ಐದು ದಿನದಲ್ಲಿ ಇದನ್ನು ಇಟ್ಟುಕೊಂಡು ಏನು ಮಾಡಲಿ?’ ಎಂದೆ. ಅಮ್ಮಿ ಅಡುಗೆ ಮನೆಯಿಂದ ಓಡಿ ಬಂದಳು. ಅಬ್ಬಾ ಕೇಳಿದ್ದು ಒಂದೇ.

‘ಮೊದ್ಲಿಂದ್ಲೂ ಹಿಂಗೇನಾ?’

‘ಮೊದಲಿಂದಲೂ. ಎರಡು ವರ್ಷದಿಂದ.’

‘ಮತ್ತೆ ನೀನು ಚೆನ್ನಾಗೈತೆ ಅಂದಿದ್ದು?’

‘ಸುಳ್ಳು ಹೇಳಿದೆ. ನೀವು ನನಗೋಸ್ಕರ ಟೈಪ್ ಮಾಡಲೇ ಇಲ್ಲ ಅಬ್ಬಾ, ನಿಮ್ಮ ಕಣ್ಣಿಗೋಸ್ಕರ ಮಾಡಿದಿರಿ. ನಿಮ್ಮ ಪುಟದ ಅಂದ ನೋಡೋಕೆ ನನಗೆ ಕಣ್ಣೆಲ್ಲಿದೆ?’

ಆಮೇಲೆ ಅಬ್ಬಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ‘ಒಂದು ಪುಟ ಕೇಳ್ಸು’ ಎಂದರು. ನಾನು ಬೇಕೆಂದೇ ಕೇಳಿಸಿದೆ. ಇಪ್ಪತ್ತೆರಡು ಖಾಲಿಗಳಿರುವ ಕಡೆಗೇ ಹೋಗಿ ಒಂದೊಂದನ್ನೂ ಬಿಡದೆ ಒತ್ತಿ ಕೇಳಿಸಿದೆ. ಅವರು ಕೊನೆಯವರೆಗೂ ಕೇಳಿದರು. ಎದ್ದು ನಮಾಜಿಗೆ ಹೋಗಿ ಬರುತ್ತೇನೆ ಎಂದರು. ನಮಾಜಿನ ಹೊತ್ತು ಇನ್ನೂ ಆಗಿರಲಿಲ್ಲ.

ಅವರು ಗೇಟು ದಾಟಿದ ಮೇಲೆ ಸಹನಾಗೆ ಫೋನ್ ಮಾಡಿ ಗೋಳಾಡಿದೆ. ‘ನನ್ನ ಲ್ಯಾಪ್‌ಟಾಪಲ್ಲಿ ಐತಲ್ಲೇ, ಈಗ್ಲೇ ಕಳಿಸ್ತೀನಿ ತಡಿ’ ಎಂದಳು. ಹತ್ತು ನಿಮಿಷದಲ್ಲಿ ಮುನ್ನೂರ ನಲವತ್ತು ಪುಟವೂ ಬಂದು ಬಿದ್ದವು. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಅಬ್ಬಾ ಮರುದಿನ ಜಗಲಿಯ ಮೇಜು ಕುರ್ಚಿಯನ್ನು ಪಕ್ಕದ ಟೈಪಿಸ್ಟಿಗೆ ಬಿಟ್ಟುಕೊಟ್ಟು ಬಂದರು. ವಯಸ್ಸಾಯಿತು, ಸಾಕು ಎಂದರು. ನನ್ನ ಮೇಲೆ ಸಿಟ್ಟಿಲ್ಲ ಎಂದು ತೋರಿಸಲು ಮೊದಲಿಗಿಂತ ಹೆಚ್ಚು ಮಾತಾಡಿಸುತ್ತಿದ್ದರು. ಅದು ಇನ್ನೂ ಕಷ್ಟ. ಪರೀಕ್ಷೆಯ ದಿನ ಕೈಹಿಡಿದು ಕೇಂದ್ರದವರೆಗೂ ಬಿಟ್ಟರು. ಮುಗಿಸಿ ಬಂದಾಗ ಗೇಟಿನ ಹತ್ತಿರವೇ ನಿಂತಿದ್ದರು. ‘ತಪ್ಪಾಯಿತು ಅಬ್ಬಾ’ ಎಂದು ಒಂದೆರಡು ಸಲ ಶುರುಮಾಡಿದೆ. ‘ಏನ್ ತಪ್ಪು? ನಿಜ ಹೇಳಿದಿ. ಇನ್ನೂ ಮೊದ್ಲೇ ಹೇಳ್ಬೇಕಿತ್ತು’ ಎಂದು ಮಾತು ತಿರುಗಿಸಿದರು. ಮಧ್ಯಾಹ್ನ ಊಟವಾದ ಮೇಲೆ ಎಲ್ಲಿಗೋ ಹೋಗಿ ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಬರುವುದು ಅಭ್ಯಾಸವಾಯಿತು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ಮನೆಯ ಕಂಪ್ಯೂಟರ್ ಪೂರ್ತಿ ನನ್ನದಾಯಿತು. ಮನೆಯಲ್ಲಿ ಕೀಲಿಗಳ ಸದ್ದು ನಾನು ಮಾಡಿದರೆ ಉಂಟು.

ಮುಂದಿನ ವರ್ಷ ಫಲಿತಾಂಶ ಬಂತು. ಪಾಸಾಗಿದ್ದೆ. ಹೊಸದುರ್ಗದ ಒಂದು ಕಚೇರಿಗೆ ನೇಮಕವಾಯಿತು. ಕೆಲಸಕ್ಕೆ ಹೋಗುವ ದಿನ ಸಾಹೇಬರಿಗೆ ಕೊಡಲು ಹಾಜರಾತಿ ವರದಿ ಬೇಕಿತ್ತು. ‘ನಾನು ಈ ದಿನ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿರುತ್ತೇನೆ’ ಎಂಬ ಒಂದು ಪುಟದ ಕಾಗದ. ನಾನೇ ಎರಡು ನಿಮಿಷದಲ್ಲಿ ಮಾಡಿಕೊಳ್ಳಬಹುದಿತ್ತು. ಆದರೂ ಅಬ್ಬಾನನ್ನು ಕೇಳಿದೆ. ಕ್ಷಮೆ ಕೇಳಲು ನನಗೆ ಬೇರೆ ದಾರಿ ಹೊಳೆಯಲಿಲ್ಲ.

‘ಅಬ್ಬಾ, ನನ್ನ ವರದಿ ನೀವೇ ಟೈಪ್ ಮಾಡಿಕೊಡಿ. ನಿಮಗೆ ಹೆಂಗೆ ಬೇಕೋ ಹಂಗೆ ಮಾಡಿ.’

‘ನಂಗೆ ಬರಲ್ಲ ಬೇಟಾ’ ಎಂದರು. ನಲವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರ ಬಾಯಲ್ಲಿ ಆ ಮಾತು. ‘ಎಷ್ಟು ದಿನ ಐತೆ?’ ಎಂದು ಕೇಳಿದರು. ಹದಿನೈದು ದಿನ ಎಂದೆ. ‘ಜುಂಜೇಶನ ಅಂಗಡೀಲಿ ಮಾಡಿಸ್ಕೊಂಡು ಬರ್ತೀನಿ ಬಿಡು’ ಎಂದರು.

ಹೊರಡಲು ಎರಡು ದಿನ ಇರುವಾಗ ಕಾಗದವನ್ನೂ ಪೆನ್‌ಡ್ರೈವನ್ನೂ ತಂದುಕೊಟ್ಟರು. ಕಂಪ್ಯೂಟರಿಗೆ ಹಾಕಿ ಕೇಳಿದೆ. ತಲೆಬರಹ, ಗೆ, ಇಂದ, ವಿಷಯ, ಉಲ್ಲೇಖ, ಎಲ್ಲ ನೀರು ಹರಿದಂತೆ ಓದಿತು. ಎಲ್ಲೂ ಖಾಲಿ ಇಲ್ಲ, ಎಲ್ಲೂ ಒಡಕಿಲ್ಲ. ಅಮ್ಮಿ ಕಾಗದ ಹಿಡಿದು ಹೇಳಿದಳು, ಸಹಿಗೆ ಕೆಳಗೆ ಬೇಕಾದಷ್ಟು ಜಾಗವಿದೆ ಎಂದು. ನನಗೆ ಖುಷಿಯಾಯಿತು.

‘ನೋಡಿ ಅಬ್ಬಾ, ಟೈಪ್ ಮಾಡಿದರೆ ಹಿಂಗೆ ಮಾಡಬೇಕು’ ಎಂದೆ. ‘ಜುಂಜೇಶಣ್ಣಂಗೆ ಕೆಲಸ ಗೊತ್ತಿದೆ.’

ಅಬ್ಬಾ ‘ಹೂಂ’ ಎಂದರು.

ನಾನು ಕೆಲಸಕ್ಕೆ ಸೇರಿ ಏಳು ದಿನವಾಗಿತ್ತು. ಒಂದು ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಬಂದು ಮಲಗಿದ ಅಬ್ಬಾ ಏಳಲಿಲ್ಲ. ಅಮ್ಮಿಯ ಫೋನು ಬಂದಾಗ ನಾನು ಹೊಸದುರ್ಗದ ಕಚೇರಿಯಲ್ಲಿದ್ದೆ. ಬಸ್ಸು ಹಿಡಿದು ಬಂದು ಮುಟ್ಟಿದಾಗ ಕೈ ತಣ್ಣಗಾಗಿತ್ತು. ನನ್ನ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ಜಾಗವೇ ಉಳಿಯಲಿಲ್ಲ. ಅಳು ಕೂಡ ಬರಲಿಲ್ಲ, ಮೂರು ದಿನ ಕಲ್ಲಿನಂತೆ ಕುಳಿತಿದ್ದೆ.

ಮೂರನೆಯ ದಿನ ತೀರಿಕೊಂಡವರಿಗಾಗಿ ಪ್ರಾರ್ಥಿಸುವ ಜಿಯಾರತಿಗೆ ಜನ ಬಂದು ಹೋದರು. ಕೊನೆಗೆ ಜುಂಜೇಶಣ್ಣ ಉಳಿದರು. ಚಾಪೆಯ ಮೇಲೆ ನನ್ನ ಎದುರು ಕುಳಿತರು.

‘ಅಂಬ್ರೀನಮ್ಮ, ಮೇಷ್ಟ್ರು ಹೇಳ್ಬೇಡ ಅಂದಿದ್ರು. ಈಗ ಅವ್ರೇ ಇಲ್ಲ, ನನ್ನ ಹೊಟ್ಟೇಲಿ ಇಟ್ಕಂಡು ಏನ್ ಮಾಡ್ಲಿ?’

‘ಏನು ಜುಂಜೇಶಣ್ಣ?’

‘ನಿಮ್ಮ ವರದಿ ನಾನು ಟೈಪ್ ಮಾಡಿದ್ದಲ್ಲ. ಮೇಷ್ಟ್ರೇ ಮಾಡಿದ್ದು.’

ನಾನು ಬೈದ ವಾರದಿಂದಲೇ ಅಬ್ಬಾ ದಿನಾ ಮಧ್ಯಾಹ್ನ ಅವರ ಅಂಗಡಿಗೆ ಹೋಗುತ್ತಿದ್ದರಂತೆ. ತಾವು ಗೆಣ್ಣಿಗೆ ಹೊಡೆದು ಕಲಿಸಿದ ಹುಡುಗನ ಮುಂದೆ ಕುಳಿತು, ‘ನಂಗೆ ಮೊದ್ಲಿಂದ ಕಲಿಸಪ್ಪ’ ಎಂದರಂತೆ. ಜುಂಜೇಶಣ್ಣ ಪುಸ್ತಕದ ಕೆಲಸ ಮಾಡುವವರು, ಎಲ್ಲ ಗೊತ್ತಿತ್ತು, ಕಲಿಸಿದರು. ತಲೆಗೆ ಒಂದೇ ದಿನದಲ್ಲಿ ಹತ್ತಿತು. ಹೆಬ್ಬೆರಳಿಗೆ ಹತ್ತಲಿಲ್ಲ. ಅವರಿಗೆ ಗೊತ್ತಿಲ್ಲದೆ ತಾನೇ ಹೋಗಿ ಸ್ಪೇಸ್ ಒತ್ತುತ್ತಿತ್ತು.

‘ಕೊನೆಗೆ ಒಂದು ಬಟ್ಟೆ ಚೂರು ತಂದು, ಬಲಗೈ ಹೆಬ್ಬೆರಳು ಅಂಗೈಗೆ ಕಟ್ಟು ಅಂದ್ರು ನಂಗೆ. ಬ್ಯಾಡ ಮೇಷ್ಟ್ರೇ ಅಂದೆ. ಕಟ್ಟೋ ಅಂತ ಗದರಿದ್ರು. ದಿನಾ ನಾನೇ ಕಟ್ತಿದ್ದೆ. ಪದಕ್ಕೊಂದು ಜಾಗ ಬೇಕಲ್ಲ, ಅದನ್ನ ಎಡಗೈಲಿ ಯೋಚ್ನೆ ಮಾಡಿ ಒತ್ತೋರು. ನಿಮ್ಮಂಥೋರು ಕೇಳೋ ಮೆಷೀನೂ ಹಾಕಿಸ್ಕೊಂಡಿದ್ರು. ಒಂದು ಸಾಲು ಟೈಪ್ ಮಾಡೋದು, ಕಣ್ಣು ಮುಚ್ಕೊಂಡು ಕೇಳೋದು. ಗಿರಾಕಿಗಳು ಮುದುಕ ನಿದ್ದೆ ಹೊಡೀತಾನೆ ಅಂತ ನಗೋರು. ಆ ಒಂದು ಪುಟಕ್ಕೆ ಹದಿಮೂರು ದಿನ ತಗೊಂಡ್ರು.’

‘ನಿಮ್ಮ ಹೆಸರು ಯಾಕೆ ಹೇಳಿದರು?’

‘ತಪ್ಪು ಉಳ್ಕಂಡಿದ್ರೆ ನಿನ್ನ ಲೆಕ್ಕಕ್ಕೆ ಹೋಗ್ಲಿ ಕಣೋ, ಇನ್ನೊಂದ್ಸಲ ಅವ್ಳ ಬಾಯಲ್ಲಿ ಕೇಳೋ ಶಕ್ತಿ ನಂಗಿಲ್ಲ ಅಂದ್ರು.’ ಜುಂಜೇಶಣ್ಣ ಮುಂದುವರಿಸಿದರು. ‘ನಿಮ್ಗೆ ವರದಿ ಕೊಟ್ಟ ದಿನ ಸಂಜೆ ಮತ್ತೆ ಅಂಗಡಿಗೆ ಬಂದ್ರು ನೋಡ್ರಿ. ಅಂಗಡೀಲಿದ್ದೋರಿಗೆಲ್ಲ ಚಾ ತರ್ಸಿದ್ರು. ಟೈಪ್ ಮಾಡಿದ್ರೆ ಹಿಂಗೆ ಮಾಡ್ಬೇಕು ಅಂದ್ಲು ನನ್ ಮಗ್ಳು, ಅಂತ ನಾಕ್ ಸಲ ಹೇಳಿದ್ರು. ನೀವೇ ಮಾಡಿದ್ದು ಅಂತ ಹೇಳ್ರಿ ಮೇಷ್ಟ್ರೇ ಅಂದೆ. ಇನ್ನೊಂದು ನಾಕ್ ಪುಟ ಮಾಡಿ ಗಟ್ಟಿಯಾಗ್ಲಿ, ಆಮ್ಯಾಕೆ ಹೇಳಾಣ ಅಂದ್ರು.’

ನಾಲ್ಕು ಪುಟ ಆಗಲಿಲ್ಲ. ಎರಡನೆಯದು ಅರ್ಧಕ್ಕೆ ನಿಂತಿದೆ ಎಂದರು ಜುಂಜೇಶಣ್ಣ. ಸಂವಿಧಾನದ ಮೊದಲ ಅಧ್ಯಾಯವಂತೆ.

ಅಬ್ಬಾನ ಕೈಯಿಂದ ನಾನು ನೆಟ್ಟಗೆ ಕೇಳಲೆಂದು ಆದದ್ದು ಆ ಒಂದೇ ಪುಟ. ಅದರಲ್ಲಿರುವುದು ನನ್ನ ಹೆಸರು, ಹುದ್ದೆ, ಒಂದು ತಾರೀಖು. ಕಚೇರಿಯಲ್ಲಿ ಬಿಡುವಾದಾಗ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ, ಅಳು ಬಂದರೆ ತಡೆಯುವುದಿಲ್ಲ. ಪಕ್ಕದ ಮೇಜಿನವರು ಏನಾಯಿತು ಮೇಡಂ ಎನ್ನುತ್ತಾರೆ. ಏನು ಹೇಳಲಿ? ಹದಿಮೂರು ದಿನ ಬೆರಳು ಕಟ್ಟಿಕೊಂಡು ಮಾಡಿದವರು ಎದುರಿಗೇ ನಿಂತಿದ್ದರು, ನಾನು ಬೇರೆಯವರನ್ನು ಹೊಗಳಿದೆ.